ಆಯಿಲ್ ಫಿಲ್ಟರೂ ಕಾಫಿ ಕಣವೂ

ಕಾರಿನ ಆಯಿಲ್ ಫಿಲ್ಟರ್ ಬದಲಿಸುವುದು ಬಾಳೆಹಣ್ಣು ಸುಲಿದಷ್ಟೇ ಸುಲಭವೆಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಒಬ್ಬ ತೋರಿಸಿದ. ನಾನು ನಂಬಿದೆ. ಹಳೆಯದನ್ನು ತಿರುಗಿಸಿ ಬಿಚ್ಚುವುದು, ಹೊಸದನ್ನು ತಿರುಗಿಸಿ ಕೂರಿಸುವುದು. ಇಷ್ಟಕ್ಕೆ ಮೂಡಿಗೆರೆಯ ಗ್ಯಾರೇಜಿನಲ್ಲಿ ಅರ್ಧ ದಿನ ಕಾಯಬೇಕೇ? ಛೆ, ಮನುಷ್ಯನಿಗೆ ಸ್ವಾಭಿಮಾನ ಬೇಡವೇ!

ಆದರೆ ನಮ್ಮೂರು ಜಾವಳಿಯ ಏರುತಗ್ಗಿನಲ್ಲಿ ಕಾರು ನಿಲ್ಲಿಸಲು ಸಮತಟ್ಟು ಜಾಗ ಬೇಕಲ್ಲ! ನಮ್ಮಲ್ಲಿ ಅಂಥದ್ದು ಒಂದೇ, ಕಾಫಿ ಒಣಗಿಸುವ ಸಿಮೆಂಟಿನ ಕಣ. ಅದರ ಕೆಳತುದಿಯಲ್ಲಿ ನನ್ನ ಹೆಂಡತಿ ಶಾರದೆಯ ಕಾಫಿ ಹರಡಿತ್ತು. ತೋಟ ಅವಳದು, ದುಡಿಮೆ ಅವಳದು, ಮಾರನೆಯ ದಿನ ವ್ಯಾಪಾರಿಗೆ ಕೊಡುವ ಮಾಲೂ ಅವಳದೇ. ಕಾಫಿಗೆ ಬೇರೆ ವಾಸನೆ ಹತ್ತಿದರೆ ಯಾರೂ ಮುಟ್ಟುವುದಿಲ್ಲ.

“ಕಣಕ್ಕೆ ಕಾರು ತರ್ಬೇಡಿ ಅಂದ್ನಲ್ಲ!” ಎಂದಳು.

“ಮೇಲ್ತುದೀಲಿ ನಿಲ್ಲಿಸ್ತೀನಿ ಮಾರಾಯ್ತಿ. ಒಂದು ಹನಿ ಬಿದ್ರೆ ಕೇಳು!”

ಪಕ್ಕದ ಮನೆಯ ಹಮೀದ್ ಬೇಲಿಯಾಚೆಯಿಂದ ಇಣುಕಿದ. “ಎಂತ ಮಾರಾಯ, ಕಾರಿನಡಿ ಮಲಗಿದ್ದೀಯ? ಮನೇಲಿ ಜಾಗ ಕೊಡ್ಲಿಲ್ವಾ?”

ಮಹಾಕಾರ್ಯದಲ್ಲಿ ತೊಡಗಿದವರು ಇಂಥದ್ದಕ್ಕೆ ಉತ್ತರಿಸುವುದಿಲ್ಲ.

ಹಳೆಯ ಆಯಿಲನ್ನು ಡಬ್ಬಕ್ಕೆ ಇಳಿಸಿದೆ. ಫಿಲ್ಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೈಯಲ್ಲಿ ತಿರುಗಿಸಿದೆ, ಬಟ್ಟೆ ಸುತ್ತಿ ತಿರುಗಿಸಿದೆ, ಕೊನೆಗೆ ಮನೆದೇವರನ್ನು ನೆನೆದು ತಿರುಗಿಸಿದೆ. ಬಂತು! ಅದರೊಳಗಿದ್ದ ಆಯಿಲೂ ನೇರ ಮುಖಕ್ಕೆ ಬಂತು. ಫಿಲ್ಟರಿನ ಹಳೆಯ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದನ್ನು ಕಿತ್ತೆಸೆಯಬೇಕಂತೆ, ಇಲ್ಲದಿದ್ದರೆ ಹೊಸದು ಬಿಗಿಯಾಗಿ ಕೂರುವುದಿಲ್ಲವಂತೆ. ನಾನು ಅದೂ ಎಂಜಿನ್ನಿನ ಅಂಗವೆಂದು ತಿಳಿದು, ಭಕ್ತಿಯಿಂದ ಒರೆಸಿ, ಅದರ ಮೇಲೆಯೇ ಹೊಸ ಫಿಲ್ಟರನ್ನು ಪ್ರತಿಷ್ಠಾಪಿಸಿದೆ. ಹೊಸ ಆಯಿಲ್ ಸುರಿದೆ. ಶಾರದೆಯನ್ನು ಕೂಗಿ ಕರೆದು, ಅವಳು ಬರುವುದರೊಳಗೆ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರನ್ನು ಗತ್ತಿನಿಂದ ಒತ್ತಿದೆ.

“ಆಫ್ ಮಾಡೋ! ಆಯಿಲೆಲ್ಲ ಹೊರಗೆ ಚಿಮ್ತಾ ಉಂಟು!” ಹಮೀದ್ ಬೇಲಿ ಹಾರಿಯೇ ಬಂದ.

ಎಂಜಿನ್ ನಿಲ್ಲಿಸಿ ಕೆಳಗಿಳಿದೆ. ಅಯ್ಯೋ ದೇವರೇ! ಕಣವನ್ನು ಸಮತಟ್ಟು ಎಂದೆನಲ್ಲ, ಪೂರ್ತಿ ಅಲ್ಲ. ಮಳೆನೀರು ಇಳಿದುಹೋಗಲೆಂದು ಕೆಳಕ್ಕೆ ತುಸು ವಾಟ ಕೊಟ್ಟಿರುತ್ತಾರೆ. ಎದುರು ನಿಂತು ಕೊಡಿಸಿದವನು ನಾನೇ! ಆಯಿಲು ಅವಸರವಿಲ್ಲದೆ, ದಾರಿ ತಿಳಿದವರ ಹಾಗೆ, ಶಾರದೆಯ ಕಾಫಿಯತ್ತ ಹೊರಟಿತ್ತು. ಗೋಣಿಚೀಲ ಹುಡುಕಲು ಹೊತ್ತಿಲ್ಲ. ಓಡಿಹೋಗಿ ಕಾಫಿಗೂ ಆಯಿಲಿಗೂ ನಡುವೆ ಅಡ್ಡಡ್ಡ ಮಲಗಿಬಿಟ್ಟೆ. ಗದ್ದೆಗೆ ಬದು ಹಾಕಿದಂತೆ!

ಆಯಿಲು ಬಂದು ಬನಿಯನ್ನಿಗೆ ತಾಗಿ ನಿಂತಿತು. ಜೀವನದಲ್ಲಿ ಮೊದಲ ಸಲ ನನ್ನ ಹೊಟ್ಟೆ ಉಪಯೋಗಕ್ಕೆ ಬಂದಿತ್ತು.

ಅಷ್ಟರಲ್ಲಿ ಬಂದ ಶಾರದೆ ನನ್ನನ್ನು ಒಮ್ಮೆ ನೋಡಿದಳು, ಕಾಫಿಯನ್ನು ಒಮ್ಮೆ ನೋಡಿದಳು. ಕಾಫಿ ಎಳೆಯುವ ಹಲಗೆಯನ್ನು ತಾನೊಂದು ಹಿಡಿದು, ಹಮೀದನಿಗೊಂದು ಕೊಟ್ಟು, ಕಾಫಿಯನ್ನು ಸರಸರನೆ ದೂರಕ್ಕೆ ಎಳೆಯತೊಡಗಿದಳು. ಒಂದು ಬೀಜಕ್ಕೂ ಆಯಿಲ್ ಸೋಕಲಿಲ್ಲ. ನನಗೋ ಕಿವಿಯವರೆಗೂ ಬಂದಿತ್ತು.

“ಮೊದಲು ನನ್ನನ್ನು ಎಬ್ಬಿಸೇ!” ಎಂದು ಗೋಗರೆದೆ.

“ಸುಮ್ನೆ ಮಲಗಿರಿ,” ಎಂದಳು ಅವಳು, ತಲೆ ಎತ್ತದೆ. “ಕಾಫಿಯಾದ್ರೆ ಹಾಳಾಗತ್ತೆ. ನೀವು ಇನ್ನು ಹಾಳಾಗೋಕೆ ಎಂತ ಉಂಟು?”

ಹಮೀದ್ ಹೌದೆಂದು ತಲೆಯಾಡಿಸಿದ. ಮಲಗಿದಲ್ಲೇ ನಾನೂ ಆಡಿಸಿದೆ.