ಸೋದರಮಾವನ ಸೈಕಲ್ ಸವಾರಿ

ಮನುಷ್ಯ ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಮಾನ ಹೋಗುವ ಪ್ರಸಂಗಗಳು ವಿಳಾಸ ಕೇಳಿಕೊಂಡು ಬರುತ್ತಲೇ ಇರುತ್ತವೆ. ನಾನಂತೂ ಆ ಸಲ ಸೈಕಲ್ ಹತ್ತಿ ಅವುಗಳ ಮನೆಗೇ ಹೋಗಿದ್ದೆ.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಗಿದ್ದ ದಿನಗಳು. ನಾನು ನಾರಾಯಣಖೇಡದಲ್ಲಿ ಕಚೇರಿ ಗುಮಾಸ್ತ. ಮುಷ್ಕರದಿಂದ ಕಚೇರಿಗೆ ಬೀಗ, ಬಸ್ಸುಗಳೆಲ್ಲ ಡಿಪೋದಲ್ಲಿ. ಅಂಥದ್ದರಲ್ಲಿ ತಾಂಡೂರಿನಲ್ಲಿ ನನ್ನ ಅಕ್ಕನ ಮಗಳ ಮದುವೆ. ನಮ್ಮಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಂತಿರಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ. ಫೋನಿನಲ್ಲಿ ಆಕೆ ಅಂದಳು: "ತಮ್ಮಾ, ನೀ ಬಂದು ನಿಂದರಲಿಲ್ಲಂದ್ರ ಬೀಗರ ಮುಂದ ನನಗ ತವರಮನಿನೇ ಇಲ್ಲದಂಗ ಆಗ್ತದ."

ಮೋಟಾರ್‌ಸೈಕಲ್ ಮೇಲೆ ಹೊರಟವರ ಟೈರಿನ ಗಾಳಿಯನ್ನು ಬಂದ್‌ನವರು ಬಿಡುತ್ತಿದ್ದರು. ಸೈಕಲ್ಲಿಗೆ ಮಾತ್ರ ಮಾಫಿ. ಪಕ್ಕದ ಮನೆಯ ಕಂಪೌಂಡರ್ ತನ್ನ ದಪ್ಪ ಟೈರಿನ, ಗುಡ್ಡ ಹತ್ತುವ ಗೇರ್ ಸೈಕಲ್ ಕೊಟ್ಟ. ನಾನೋ, ಕಚೇರಿಯ ಮೆಟ್ಟಿಲು ಹತ್ತಿದರೇ ನೀರು ಕೇಳುವವನು. ಹೆಂಡತಿ ನನ್ನ ಹೊಟ್ಟೆ ನೋಡಿದಳು, ಟೈರು ಒತ್ತಿ ನೋಡಿದಳು, ಆಮೇಲೆ ಸೈಕಲ್ಲಿಗೆ ಕುಂಕುಮ ಹಚ್ಚಿ ಅದಕ್ಕೇ ಕೈ ಮುಗಿದಳು.

ನ್ಯೂಟ್ರಲ್

ಸ್ಕೂಟರಿನವನಾದ ನನಗೆ ಇಳಿಜಾರು ಕಂಡರೆ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಚಟ. ಮೊದಲ ದಿಬ್ಬವನ್ನು ಸೈಕಲ್ ದೂಡುತ್ತಾ ಹತ್ತಿದೆ. ಇಳಿಯುವಾಗ ಕೈ ತಾನಾಗಿ ನ್ಯೂಟ್ರಲ್ ಹುಡುಕಿತು. ಎಡಗಡೆಯ ಗೇರನ್ನು ಟಕ್ ಎನಿಸಿದೆ, ಬಲಗಡೆ ಟಕ್ ಟಕ್ ಎನಿಸಿದೆ. ಚೈನು ಕಳಚಿತು, ಪೆಡಲ್ ಸುಮ್ಮನೆ ಗಿರಗಿರ ತಿರುಗಿತು, ನಾನು ಗಾಬರಿಯಲ್ಲಿ ಬ್ರೇಕ್ ಮರೆತು ಜೋಳದ ಹೊಲಕ್ಕೆ ನುಗ್ಗಿದೆ. ಹೊಲದವನು ಎಬ್ಬಿಸಿ ಕೂರಿಸಿ ಏನಾಯಿತೆಂದು ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವನು ಸೈಕಲ್ ಎತ್ತಿ ನಿಲ್ಲಿಸಿ, ಸುತ್ತಲೂ ಬಗ್ಗಿ ಬಗ್ಗಿ ನೋಡಿದ.

"ಸಾಹೇಬ್ರೆ, ಸೈಕಲ್ಲಿಗಿ ಯಾವ ಬಂಕಿನಾಗ ಪೆಟ್ರೋಲ್ ಹಾಕಿಸ್ತೀರಿ?" ಎಂದ.

ಊಟದ ಅಡ್ಡಗಟ್ಟು

ನಡುರಸ್ತೆಯಲ್ಲಿ ಕಲ್ಲು ಹೂಡಿ, ಒಲೆ ಹೊತ್ತಿಸಿ, ಅಡುಗೆ ಮಾಡಿ ಅಲ್ಲೇ ಸಾಲಾಗಿ ಕೂತು ಉಣ್ಣುವುದು ಆಗಿನ ಹೋರಾಟದ ಒಂದು ರೀತಿ. ದಾರಿಹೋಕನೂ ಉಣ್ಣಬೇಕು, ಉಣ್ಣದವನು ವಿರೋಧಿ. ಮೊದಲ ಊರಿನಲ್ಲಿ ಖಿಚಡಿ ಕೊಟ್ಟರು, ಹಸಿವಾಗಿತ್ತು, ಕಣ್ಣಿಗೊತ್ತಿಕೊಂಡು ಉಂಡೆ. ಮುಂದಿನ ಊರಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ. ಅದರಾಚೆಯ ಊರಿನಲ್ಲಿ ಪುಳಿಯೋಗರೆ. ಒಂದೊಂದು ಊಟದ ಮುಂದೆಯೂ ಒಂದೊಂದು ಏರು! ಹೊಟ್ಟೆ ಹ್ಯಾಂಡಲ್ಲಿಗೆ ತಾಗಿ ತಿರುವಿನಲ್ಲಿ ಸೈಕಲ್ ತಿರುಗಲೊಲ್ಲದು. ಮತ್ತೊಂದು ಊರಿನಲ್ಲಿ ಹೊಗೆ ಕಂಡಾಗಲೇ ಸೈಕಲ್ ಇಳಿದೆ. ಒಲ್ಲೆ ಎಂದು ಕೈ ಮುಗಿದೆ, ಹಿಂದಿನ ಊರುಗಳ ಲೆಕ್ಕ ಒಪ್ಪಿಸಿದೆ. ಸೌಟು ಹಿಡಿದಿದ್ದ ಹಿರಿಯನ ಮುಖ ಬಾಡಿಹೋಯಿತು.

"ಅವರಿಗೆಲ್ಲಾ ತೆಲಂಗಾಣ ಬರ್ಲಿ, ನಮ್ಮೂರಿಗಿ ಮಾತ್ರ ಬ್ಯಾಡ ಅಂತೀರೇನ್ರಿ?" ಎಂದ. ಕೂತು ಉಂಡೆ.

ಭಾಷಣ

ಜಹೀರಾಬಾದ್ ಮುಟ್ಟಿದಾಗ ನನ್ನ ಮೈಮೇಲೆ ಮಣ್ಣು, ಸೈಕಲ್ಲಿಗೆ ಕುಂಕುಮ. ಚೌಕದಲ್ಲಿ ಸಭೆ ನಡೆದಿತ್ತು. ಹೋರಾಟಕ್ಕಾಗಿ ಊರೂರು ಸುತ್ತುತ್ತಿರುವ ಸೈಕಲ್ ಯಾತ್ರೆಯವನು ಎಂದುಕೊಂಡು ಎತ್ತಿ ವೇದಿಕೆಗೇರಿಸಿದರು. ಕೊರಳಿಗೆ ಹಾರ, ಕೈಗೆ ಮೈಕು. ಮದುವೆಗೆ ಹೊರಟವನು ಎಂದು ಹೇಳಲು ಬಾಯಿ ತೆರೆದರೆ ಬರೀ ಏದುಸಿರು. ಅದೇ ಏದುಸಿರು ಮೈಕಿನಲ್ಲಿ ಇಡೀ ಚೌಕಕ್ಕೆ ಕೇಳಿತು. ತೊಡೆ ಸೆಳೆದು ಕಣ್ಣಲ್ಲಿ ನೀರೂ ಬಂತು. ಮುಂದಾಳು ಮೈಕ್ ಕಿತ್ತುಕೊಂಡು, ಈ ಅಣ್ಣನ ಸಂಕಟಕ್ಕೆ ಮಾತೇ ಹೊರಡುತ್ತಿಲ್ಲ ನೋಡಿ ಎಂದ. ಜೈ ತೆಲಂಗಾಣ ಎಂದು ಜನ ಕೂಗಿದ್ದೇ ಕೂಗಿದ್ದು. ಆಮೇಲೆ ನನ್ನನ್ನು ಸೈಕಲ್ ಮೇಲೆ ಕೂರಿಸಿ, ತಾಂಡೂರಿನ ದಾರಿ ಬಿಟ್ಟು ಹೈದರಾಬಾದಿನ ಕಡೆಗೆ ತಿರುಗಿಸಿ, ಡೋಲು ಬಡಿಯುತ್ತಾ ಊರಾಚೆಯವರೆಗೂ ಕಳಿಸಿಕೊಟ್ಟರು.

ಅವರು ಕಣ್ಮರೆಯಾಗುವವರೆಗೂ ಮದುವೆಗೆ ಬೆನ್ನು ಹಾಕಿ ತುಳಿದೆ.

ಮುದುಕಿ

ಆಮೇಲೆ ಹಿಂದಿರುಗಿ ತಾಂಡೂರಿನ ದಾರಿ ಹಿಡಿದರೆ, ಮುಂದೆ ಪೆದ್ದೆಮುಲ್ ಕಡೆಯ ಏರುಗಳು. ಕಂಪೌಂಡರನ ಗೇರುಗಳೆಲ್ಲ ಮುಗಿದರೂ ಏರು ಮುಗಿಯಲಿಲ್ಲ. ಮರುದಿನ ಮುಹೂರ್ತ, ನನಗೆ ಅಳುವೇ ಬಂತು. ಇಳಿದು ಸೈಕಲ್ಲಿಗೆ ಜೋತು ಬಿದ್ದು ನಡೆಯುತ್ತಿದ್ದಾಗ, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ನನ್ನನ್ನು ದಾಟಿ ಹೋದಳು. ಹೋದವಳು ನಿಂತು, ನನ್ನ ಮುಖ ನೋಡಿ, ಸತ್ತವರು ಯಾರು ಎಂದು ಮೆಲ್ಲಗೆ ಕೇಳಿದಳು. ಮದುವೆಗೆ ಹೊರಟಿದ್ದೇನೆ ಎಂದೆ. ಮುದುಕಿ ಹೌಹಾರಿ ಹೊರೆಯನ್ನೇ ಕೆಳಗಿಟ್ಟಳು.

"ಈ ವಯಸ್ಸಿನಾಗ ನಿನಗ ಹೆಣ್ಣು ಕೊಟ್ಟವರ‍್ಯಾರಪ್ಪ?"

ಬೆನ್ನ ಹಿಂದೆ

ಮರುದಿನ ತಾಂಡೂರಿನ ಹಂದರದ ಮುಂದೆ ಸೈಕಲ್ ಬಿಸಾಕಿದಾಗ ಅಂತರಪಟ ಹಿಡಿದಾಗಿತ್ತು, ಕೈಕೈಗೆ ಅಕ್ಕಿ ಹಂಚಿಯಾಗಿತ್ತು. ಮದುಮಗಳ ಬೆನ್ನ ಹಿಂದೆ ಜಾಗ ಖಾಲಿ. ಅಕ್ಕನ ಮುಖ ಬಿಳಿಚಿಕೊಂಡಿತ್ತು. ನಾನು ಓಡಿ ಹೋಗಿ ನಿಂತೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡು ನನ್ನ ಎದೆ ತುಂಬಿಬಂತು.

ಆದರೆ ಇಷ್ಟು ದೂರ ತುಳಿದ ಕಾಲಿಗೆ ನಿಲ್ಲುವುದು ಮರೆತೇಹೋಗಿತ್ತು. ಅಯ್ಯನವರು ಒಂದು ಮಂತ್ರ ಮುಗಿಸಿ ಇನ್ನೊಂದಕ್ಕೆ ರಾಗ ಎಳೆದಾಗ ಮೊಣಕಾಲು ಗಡಗಡ ನಡುಗತೊಡಗಿತು. ಹುಡುಗಿಯ ಹೆಗಲು ಹಿಡಿದೆ. ನನ್ನ ಭಾರವೆಲ್ಲ ಆಕೆಯ ಮೇಲೆ.

"ಮಾಮಾ," ಆಕೆ ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು, "ನೀ ಬೆನ್ನ ಹಿಂದ ನಿಂದರಬೇಕು, ಬೆನ್ನ ಮ್ಯಾಲ ಅಲ್ಲ."

ನಾಚಿ ಕೈ ತೆಗೆದೆ. ಅದೇ ತಪ್ಪಾಯಿತು. ಎರಡೂ ಮೀನಖಂಡ ಒಟ್ಟಿಗೇ ಸೆಳೆದವು. ವಾಲಿದವನು ಕೈಗೆ ಸಿಕ್ಕಿದ್ದನ್ನು ಹಿಡಿದೆ, ಸಿಕ್ಕಿದ್ದು ಅಂತರಪಟ. ಪಟದ ಸಮೇತ ವಧೂವರರ ನಡುವೆ ಉದ್ದಕ್ಕೆ ಮಲಗಿದೆ. ಪರದೆ ಸರಿದದ್ದೇ ಗುರುತು ಎಂದು ಬ್ಯಾಂಡಿನವರು ಶುರು ಮಾಡಿದರು, ಹಿಂದಿದ್ದವರು ಅಕ್ಕಿ ಎರಚಿಯೇಬಿಟ್ಟರು. ಅರ್ಧ ಅಕ್ಕಿ ನನ್ನ ಬಾಯಿಯಲ್ಲಿ. ಮದುಮಗ ಮದುಮಗಳು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾರೆ, ಹಿರಿಯರೆಲ್ಲ ಕಲ್ಲಾಗಿ ನಿಂತಿದ್ದಾರೆ. ವರನ ತಂದೆ ನಡುಗುವ ದನಿಯಲ್ಲಿ, ಮಂತ್ರ ಇನ್ನೂ ಉಳಿದಿದೆಯಲ್ಲ, ಇದು ಲಗ್ನವಾಯಿತೋ ಇಲ್ಲವೋ ಎಂದು ಅಯ್ಯನವರನ್ನು ಕೇಳಿದರು. ಅಕ್ಕ ಅಯ್ಯನವರಿಗೆ ಕೈ ಜೋಡಿಸಿದಳು.

ಅಯ್ಯನವರು ಬಗ್ಗಿ ನನ್ನನ್ನು ಒಮ್ಮೆ ಪೂರ್ತಿ ನೋಡಿ, ಪುಸ್ತಕ ಮುಚ್ಚಿದರು.

"ಪರದೆ ಬಿತ್ತು, ಅಕ್ಕಿ ಬಿತ್ತು, ಮಾವನೂ ಬಿದ್ದ. ಇನ್ನ ಬೀಳೂದು ಏನ್ ಉಳದದರಿ? ಲಗ್ನ ಆತು."