ವಿಮಾನದ ಮಾಲೀಕರೂ ಮೊಮ್ಮಗಳ ಹೆಸರೂ

ನೀಲಾಂಬರ ಏರ್‌ಲೈನ್ಸ್‌ನಿಂದ ಷೇರಿಗೆ ಹತ್ತು ರೂಪಾಯಿಯಂತೆ ಡಿವಿಡೆಂಡ್ ಬಂದಂದಿನಿಂದ ಸಿ.ವಿ. ರಾಮನ್ ನಗರದ ಶ್ರೀಕಂಠಯ್ಯನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇದ್ದದ್ದು ಅರವತ್ತೇ ಷೇರು, ಬಂದದ್ದು ಆರುನೂರು ರೂಪಾಯಿ. (ಆ ಸಂತೋಷಕ್ಕೆ ಬೀದಿಗೆಲ್ಲ ಹಂಚಿದ ಮೈಸೂರು ಪಾಕಿಗೆ ಒಂಬೈನೂರಾಯಿತು ಎಂಬುದು ಬೇರೆ ಮಾತು.) ಆಕಾಶದಲ್ಲಿ ಸದ್ದು ಕೇಳಿದರೆ ಸಾಕು, ‘ನಮ್ಮದು ಹೊರಟಿತು’ ಎಂದು ತಾರಸಿಗೆ ಓಡಿ ಗಡಿಯಾರ ನೋಡುವರು. ವಿಮಾನ ಒಂದು ನಿಮಿಷ ತಡವಾದರೂ ಮುಂದಿನ ಡಿವಿಡೆಂಡಿಗೆ ಕತ್ತರಿ ಬೀಳುತ್ತದೆಂದು ಅವರು ಎಲ್ಲೋ ಓದಿದ್ದರು.

ಇಂಥವರು ಮೊಮ್ಮಗಳ ನಾಮಕರಣಕ್ಕೆ ಅದೇ ಕಂಪನಿಯ ವಿಮಾನದಲ್ಲಿ ಪುಣೆಗೆ ಹೊರಟರು. ಹೆಸರಿನ ವಿಷಯದಲ್ಲಿ ಮನೆಯಲ್ಲಿ ತಿಂಗಳಿಂದ ಮಹಾಯುದ್ಧ. ಅವರಿಗೆ ತಮ್ಮ ತಾಯಿ ರುಕ್ಮಿಣಿಯ ಹೆಸರೇ ಆಗಬೇಕು. ಹೆಂಡತಿ ಶಾಂತಕುಮಾರಿಗೆ ತನ್ನ ತಾಯಿ ಭಾಗ್ಯಲಕ್ಷ್ಮಿಯದು. ಮಧ್ಯಾಹ್ನದ ಮುಹೂರ್ತದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ತನ್ನ ಅಪ್ಪ, ಅವರು ಹೇಳಿದ್ದೇ ಹೆಸರು ಎಂದು ಮಗಳು ಆಶ್ರಿತಾ ಫೋನಿನಲ್ಲೇ ತೀರ್ಪಿತ್ತಳು. ಗೆದ್ದ ಶ್ರೀಕಂಠಯ್ಯನವರು ಎರಡು ದಿನ ಉಪ್ಪಿಲ್ಲದ ಸಾರು ಉಂಡರು.

ಗೇಟಿನ ಬಳಿ ಸಾಲು ಆಮೆಯಂತೆ ಸಾಗುತ್ತಿತ್ತು. ಅವರು ಹೆಂಡತಿಯನ್ನು ಮುಂದೆ ತಳ್ಳಿ, ಎಲ್ಲರನ್ನೂ ಹತ್ತಿಸಿ ಬರುವುದಾಗಿ ಹೇಳಿದರು.

“ಅದಕ್ಕೇ ಅಂತ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ಸುಮ್ನೆ ಬನ್ರೀ,” ಎಂದಳು ಶಾಂತಕುಮಾರಿ.

“ಆ ಸಂಬಳ ಕೊಡೋದೇ ನಾವು ಕಣೇ.”

ದೂರದ ಕಾಫಿ ಅಂಗಡಿಯಲ್ಲಿ ಒಂದು ದೊಡ್ಡ ಸಂಸಾರ ನಿಧಾನವಾಗಿ ಇಡ್ಲಿ ತಿನ್ನುತ್ತಿತ್ತು. ಮಾಲೀಕರಿಗೆ ಹೊಟ್ಟೆ ಉರಿಯಿತು. ಓಡಿಹೋಗಿ ಒಂದು ನಿಮಿಷದ ಬೆಲೆ, ಇಂಧನದ ದರ, ಮೂರು ತಿಂಗಳ ಲಾಭ ಎಲ್ಲವನ್ನೂ ವಿವರಿಸಿದರು. ಆ ಮನೆಯ ಯಜಮಾನಿ ಮೆಹರುನ್ನೀಸಾ ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಂಡು, ತಾವು ಬೇರೆ ಕಂಪನಿಯ ವಿಮಾನದಲ್ಲಿ ದೆಹಲಿಗೆ ಹೋಗುವವರೆಂದೂ ಅದು ಮೂರು ಗಂಟೆ ತಡವೆಂದೂ ತಿಳಿಸಿದರು.

ಏದುಸಿರು ಬಿಡುತ್ತಾ ಮರಳಿದರೆ ಗೇಟು ಮುಚ್ಚಿತ್ತು. ಅವರ ಹೆಸರನ್ನು ಮೂರು ಸಲ ಕೂಗಿದ್ದರಂತೆ. ಭಾಷಣದ ಭರದಲ್ಲಿ ಕೇಳಿಸಿರಲಿಲ್ಲ.

“ನಾನು ಈ ಕಂಪನಿ ಷೇರುದಾರ ಕಣಮ್ಮಾ,” ಎಂದರು ಗೇಟಿನ ಹುಡುಗಿಗೆ.

“ಹಾಗಾದ್ರೆ ನಿಮಗೆ ಖುಷಿ ಆಗುತ್ತೆ ಸರ್. ಎರಡು ನಿಮಿಷ ಮುಂಚೇನೇ ಹೊರಡ್ತು.”

ಮುಂದಿನ ವಿಮಾನ ಸಂಜೆಗೆ. ಮಧ್ಯಾಹ್ನದವರೆಗೂ ಅವರು ಕುರ್ಚಿಯಿಂದ ಕುರ್ಚಿಗೆ ಜಾಗ ಬದಲಿಸುತ್ತಾ ಕಳೆದರು. ಕೊನೆಗೆ ಹೆಂಡತಿಯ ಫೋನು ಬಂತು. ಮುಹೂರ್ತ ಮೀರುತ್ತಿದ್ದುದರಿಂದ ಆಶ್ರಿತಾ ಅಮ್ಮನ ಕೈಯಲ್ಲೇ ಹೆಸರು ಹೇಳಿಸಿದಳೆಂದಳು ಶಾಂತಕುಮಾರಿ.

“ಏನಂತ ಹೇಳಿದೆ?” ಶ್ರೀಕಂಠಯ್ಯನವರ ದನಿ ಏರಿತು.

“ಮೆಲ್ಲಗೆ ಮಾತಾಡಿ. ಭಾಗ್ಯ ಈಗಷ್ಟೇ ಮಲಗಿದ್ದಾಳೆ.”