ಎಲ್ಲಿಗೆ ಹೊರಟಿರಿ ಎಂಬುದಕ್ಕೆ ಲಿಖಿತ ಉತ್ತರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸೈಕಲ್ ಸವಾರರು ಮುಂದಕ್ಕೆ ಹೋಗುವಾಗ ಹಿಂದಕ್ಕೆ ನೋಡುತ್ತಾರೆಂಬ ಸಂಗತಿ ಅಧಿಕೃತವಾಗಿ ಸಾಬೀತಾದದ್ದು, ಏಕಸಂಬಿಯ ಮಲಕಾರಿ ಎರಡು ಹಾಲಿನ ಕ್ಯಾನುಗಳ ಸಮೇತ ಕಾಲುವೆಗೆ ಬಿದ್ದ ದಿನ.

ಮಲಕಾರಿ ಡೇರಿಗೆ ಹಾಲು ಹಾಕಲು ಹೊರಟಿದ್ದ. ಎದುರಿಗೆ ಸೈಕಲ್ ಮೇಲೆ ಬೀರದೇವ ಬಂದ. "ಎಲ್ಲಿಗಿ ಹೊಂಟಿ ಮಾವಾ?" ಎಂದ. ಹಾಲಿನ ಕ್ಯಾನು ಕಣ್ಣಿಗೆ ಕಾಣುತ್ತಿರುವಾಗ ಹಾಗೆ ಕೇಳುವುದೇಕೆ ಎಂಬುದು ಪರ ಊರಿನವರ ಪ್ರಶ್ನೆ. ಈ ಭಾಗದಲ್ಲಿ ಎದುರಿಗೆ ಬಂದವರನ್ನು ಎಲ್ಲಿಗೆ ಎಂದು ಕೇಳದೆ ದಾಟುವಂತಿಲ್ಲ. ಕೇಳಿಸಿಕೊಂಡ ಮೇಲೆ ಹೇಳದೆ ಹೋಗುವಂತಿಲ್ಲ. ಹೇಳದಿದ್ದರೆ "ಭಾಳ ದೊಡ್ಡಾಂವ ಆಗ್ಯಾನ" ಎಂಬ ಮಾತು ಅವನಿಗಿಂತ ಮೊದಲು ಅವನ ಮನೆ ಮುಟ್ಟಿರುತ್ತದೆ. ಮಲಕಾರಿ "ಡೇರಿಗೋ" ಎಂದ. ಅಷ್ಟರಲ್ಲಿ ಬೀರದೇವ ದಾಟಿ ಹೋಗಿದ್ದ, ಆದರೆ ಉತ್ತರ ಇನ್ನೂ ಬಾಕಿ ಇತ್ತು. ಎಮ್ಮೆ ಹಾಲು ಕಡಿಮೆ ಮಾಡಿದ್ದು, ಅಳಿಯ ಬಂದು ನಾಲ್ಕು ದಿನವಾದದ್ದು, ಆತ ಹೋಗುವ ಮಾತೇ ಆಡದ್ದು, ಇಷ್ಟನ್ನೂ ಕತ್ತು ಹಿಂದಕ್ಕೆ ತಿರುಗಿಸಿ ಹೇಳುತ್ತಿರುವಾಗ ರಸ್ತೆ ಎಡಕ್ಕೆ ತಿರುಗಿತು. ಮಲಕಾರಿ ತಿರುಗಲಿಲ್ಲ.

ಕೈ ಹಿಡಿದು ಎತ್ತಿದವಳು ಹಿಂದಿನಿಂದ ಬರುತ್ತಿದ್ದ ಶೇವಂತಾ. ಆತನಿಗೆ ಪೆಟ್ಟಾಗಿರಲಿಲ್ಲ. ಕಾಲುವೆಯ ನೀರು ಮಾತ್ರ ಒಂದು ಫರ್ಲಾಂಗಿನವರೆಗೆ ಬೆಳ್ಳಗೆ ಹರಿಯಿತು.

ಶೇವಂತಾ ಏಕಸಂಬಿಯಿಂದ ಅಂಕಲಿಗೆ ಪ್ರತಿದಿನ ಸೈಕಲ್ಲಿನ ಕ್ಯಾರಿಯರ್ ಮೇಲೆ ಬುಟ್ಟಿ ಕಟ್ಟಿಕೊಂಡು ಇನ್ನೂರು ಖಡಕ್ ರೊಟ್ಟಿ ಒಯ್ಯುವವಳು. ಖಡಕ್ ರೊಟ್ಟಿಯ ಸ್ವಭಾವ ತಿಳಿದವರಿಗೆ ಹೇಳಬೇಕಾಗಿಲ್ಲ. ಸೈಕಲ್ ಒಮ್ಮೆ ಜಿಗಿದರೆ ಇನ್ನೂರು ರೊಟ್ಟಿ ಇನ್ನೂರು ಚೂರಾಗುವುದಿಲ್ಲ, ಎರಡು ಸಾವಿರ ಚೂರಾಗುತ್ತವೆ. ಹನ್ನೊಂದು ವರ್ಷಗಳಲ್ಲಿ ಆಕೆಯ ಬುಟ್ಟಿಯಲ್ಲಿ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಗುಟ್ಟೇನೂ ಇಲ್ಲ. ಕಣ್ಣು ರಸ್ತೆಯ ಮೇಲೆ, ಕೈ ಬ್ರೇಕಿನ ಮೇಲೆ. ಯಾರು ಏನು ಕೇಳಿದರೂ "ಹೂಂ" ಎಂದುಬಿಡುವುದು. ಎಲ್ಲಿಗೆ ಎಂದರೂ ಹೂಂ, ಊಟ ಆಯಿತೇ ಎಂದರೂ ಹೂಂ. ಕೇಳಿದವರಿಗೆ ಮರ್ಯಾದೆ ಸಿಕ್ಕಿತು, ಕತ್ತು ಇದ್ದಲ್ಲೇ ಇತ್ತು.

ರೊಟ್ಟಿ ಹೋಗುತ್ತಿದ್ದದ್ದು ಅಂಕಲಿಯ ಮಂಗಲ ಅವರ ಖಾನಾವಳಿಗೆ. ಅಲ್ಲಿ ಉಣ್ಣುವವರಲ್ಲಿ ಹೆಚ್ಚಿನವರು ಜೈನರು, ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವವರು. ರೊಟ್ಟಿ ಐದೂವರೆಗೆ ಬರಬೇಕು. ಆರೂವರೆಗೆ ಬಂದರೆ ಅದು ರೊಟ್ಟಿಯಲ್ಲ, ಬರೀ ಒಣಗಿದ ಜೋಳ.

ಇದೇ ಹೊತ್ತಿಗೆ ಚಿಕ್ಕೋಡಿಯಲ್ಲಿ "ಗಡಿಭಾಗ ಸೈಕಲ್ ಸವಾರರ ಏಕಾಗ್ರತಾ ಅಭಿವೃದ್ಧಿ ಕಚೇರಿ" ತೆರೆದು ಏಳು ತಿಂಗಳಾಗಿತ್ತು. ಹದಿಮೂರು ಕುರ್ಚಿ, ಎರಡು ಏರ್‌ಕೂಲರ್ ಮತ್ತು ನೇಮಿನಾಥ ಎಂಬ ಏಕಾಗ್ರತಾ ಅಧಿಕಾರಿ ಮಂಜೂರಾಗಿದ್ದರು. ಕೆಲಸ ಇನ್ನೂ ಮಂಜೂರಾಗಿರಲಿಲ್ಲ. ಮಲಕಾರಿ ಬಿದ್ದ ಸುದ್ದಿ ಕೇಳಿ ಕಚೇರಿಯಲ್ಲಿ ಪೇಢೆ ಹಂಚಿದರು. ಕೂಡಲೇ ಸಮೀಕ್ಷೆ ನಡೆಯಿತು. ಕಳೆದ ವರ್ಷ ಮೊಬೈಲ್ ನೋಡುತ್ತ ಬಿದ್ದ ಸವಾರರು ಒಂಬತ್ತು, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಬಿದ್ದವರು ಹನ್ನೊಂದು, ನಾಯಿಗೆ ಹೆದರಿ ಬಿದ್ದವರು ನಾಲ್ಕು. "ಎಲ್ಲಿಗೆ" ಎಂಬುದಕ್ಕೆ ಉತ್ತರ ಕೊಡುತ್ತ ಬಿದ್ದವರು ಎಂಟುನೂರಾ ಆರು. ಒಬ್ಬಾತ ಕಾರಣ ತಿಳಿಸಲು ನಿರಾಕರಿಸಿದ. ಆಗ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳೆಂದು ಷರಾ ಬರೆಯಲಾಗಿದೆ.

ಪ್ರಶ್ನೆ ಕೇಳುವುದನ್ನೇ ನಿಷೇಧಿಸುವ ಕರಡು ಸಿದ್ಧವಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ಅಧಿಕಾರಿಗಳು ಮೆಟ್ಟಿಲಿಳಿಯುವಾಗ ಸಿಪಾಯಿ ಲಕ್ಷ್ಮಣ ಎದ್ದು ನಿಂತು, "ಎಲ್ಲಿಗ್ರಿ ಸಾಹೇಬ್ರ?" ಎಂದ. ಅಧಿಕಾರಿಗಳು ಹತ್ತು ನಿಮಿಷ ಹೇಳಿದರು. ಹೇಳಿ ಮುಗಿದ ಮೇಲೆ ಕರಡನ್ನು ಹರಿದು ಹಾಕಿದರು. ಬದಲಿಗೆ ಈ ಸುತ್ತೋಲೆ ಬಂತು:

"ಪ್ರತಿಯೊಬ್ಬ ಸೈಕಲ್ ಸವಾರನು ತನಗೆ ದಾರಿಯಲ್ಲಿ ಕೇಳಲಾಗುವ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಲಿಖಿತ ಉತ್ತರ ನೀಡತಕ್ಕದ್ದು. ಸದರಿ ಉತ್ತರಗಳನ್ನು ಕಬ್ಬಿಣದ ಫಲಕದಲ್ಲಿ ಬರೆಯಿಸಿ ಸೈಕಲ್ಲಿನ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸತಕ್ಕದ್ದು. ಪ್ರಶ್ನೆಗಳು: ಎಲ್ಲಿಗೆ? ಏಕೆ? ಊಟ ಆಯಿತೇ? ಮನೆಯಲ್ಲಿ ಎಲ್ಲರೂ ಆರಾಮವೇ? ಕಬ್ಬು ಕಾರ್ಖಾನೆಗೆ ಹೋಯಿತೇ? ಮಕ್ಕಳ ಲಗ್ನ ಎಲ್ಲಿಗೆ ಬಂತು? ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಫಲಕದ ಅಳತೆಯು ಉತ್ತರದ ಉದ್ದಕ್ಕೆ ತಕ್ಕಂತಿರತಕ್ಕದ್ದು."

ಕೊನೆಯ ಸಾಲನ್ನು ಸೇರಿಸಿದ್ದು ಫಲಕದ ಗುತ್ತಿಗೆದಾರ ಕಾಕಾಸಾಹೇಬ ಅವರ ಸಲಹೆಯ ಮೇರೆಗೆ. ಕಾಕಾಸಾಹೇಬರು ನೇಮಿನಾಥರ ಷಡ್ಡಕರು. ಟೆಂಡರ್ ಕರೆದಾಗ ಬೇರೆ ಯಾರೂ ಬರಲಿಲ್ಲ. ಟೆಂಡರಿನ ಪ್ರಕಟಣೆಯನ್ನು ಅವರ ಮನೆಯ ಹಿತ್ತಲಿನಲ್ಲಿ ಅಂಟಿಸಲಾಗಿತ್ತು. ಈ ಜನರ ಉತ್ತರ ಎಷ್ಟು ಉದ್ದ ಎಂಬುದು ಕಾಕಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು.

ಸೈಕಲ್ಲಿನ ಹಿಂಭಾಗವೆಂದರೆ ಕ್ಯಾರಿಯರ್. ಕ್ಯಾರಿಯರ್ ಮೇಲೆ ರೊಟ್ಟಿ ಬುಟ್ಟಿ. ಶೇವಂತಾ ವಿನಾಯಿತಿ ಕೇಳಲು ಬುಟ್ಟಿ ಸಮೇತ ಕಚೇರಿಗೆ ಹೋದಳು.

"ಬುಟ್ಟಿ ಮುಂದ ಹ್ಯಾಂಡಲ್‌ಗೆ ಕಟ್ಟಿಕೋವಾ," ಎಂದರು ನೇಮಿನಾಥ.

"ಮುಂದ ಕಟ್ಟಿದ್ರ ಹಾದಿ ಕಾಣೂದಿಲ್ರಿ."

"ಹಾದಿ ಬ್ಯಾರೆ ಇಲಾಖೆದ್ದು. ನಮ್ಮದು ಬರೇ ಏಕಾಗ್ರತಾ."

"ನನಗ ಫಲಕ ಯಾಕ ಬೇಕ್ರಿ? ನಾ ತಿರುಗಿ ಮಾತಾಡೂದ ಇಲ್ಲ. ಹೂಂ ಅಂತೇನಿ, ಹೊಕ್ಕೇನಿ."

"ಹೂಂ? ಯಾವ ಪ್ರಶ್ನೆಗೆ?"

"ಎಲ್ಲಾಕ್ಕೂ ರೀ."

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. ತಮ್ಮ ಸೇವಾವಧಿಯಲ್ಲಿ ಇಷ್ಟು ಚಿಕ್ಕ ಉತ್ತರವನ್ನು ಅವರು ಕೇಳಿರಲಿಲ್ಲ. "ನೀ ಏಕಾಗ್ರತೆಯಿಂದ ಹೊಡೀತಿ ಅನ್ನೂದಕ್ಕ ಪುರಾವೆ ಏನೈತಿ?"

ಶೇವಂತಾ ಬುಟ್ಟಿಯ ಬಟ್ಟೆ ಸರಿಸಿದಳು. "ನೋಡ್ರಿ. ಏಕಸಂಬಿಯಿಂದ ಚಿಕ್ಕೋಡಿ ತನಕ ಬಂದೇನಿ. ಒಂದರ ಮುರದೈತೇನು?"

ನೇಮಿನಾಥ ಎದ್ದು ಬಂದರು. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಅಂಚು ನೋಡಿದರು. ಗಟ್ಟಿತನ ಪರೀಕ್ಷಿಸಲು ತುದಿ ಮುರಿದರು. ಮುರಿದದ್ದನ್ನು ಬಾಯಿಗೆ ಹಾಕಿಕೊಂಡು, "ಹಚ್ಚಕೊಳ್ಳಾಕ ಶೇಂಗಾ ಹಿಂಡಿ ತಂದೀಯೇನವಾ? ಬಳ್ಳೊಳ್ಳಿ ಹಾಕಿಲ್ಲಲ್ಲ?" ಎಂದು ವಿಚಾರಿಸಿದರು.

"ಇಲ್ರಿ. ಮಂಗಲಕ್ಕಾರ ಜೈನ ಗಿರಾಕಿಗೋಳಿಗೂ ಅದ ಒಯ್ಯೂದು."

ತಪಾಸಣೆ ನ್ಯಾಯಯುತವಾಗಿರಬೇಕೆಂದು ಹೆಡ್ ಕ್ಲಾರ್ಕ್, ಟೈಪಿಸ್ಟ್ ಮತ್ತು ಲಕ್ಷ್ಮಣ ಸಹ ತಲಾ ಒಂದೊಂದು ರೊಟ್ಟಿಯನ್ನು ಪರಿಶೀಲಿಸಿದರು. ಟೈಪಿಸ್ಟ್‌ಗೆ ಸಂಶಯ ಉಳಿದದ್ದರಿಂದ ಇನ್ನೊಂದನ್ನು ಪರಿಶೀಲಿಸಿದರು. ನಂತರ ಕೈ ಒರೆಸಿಕೊಂಡು ವರದಿ ಬರೆಯಲಾಯಿತು: "ಅರ್ಜಿದಾರಳ ಬುಟ್ಟಿಯಲ್ಲಿ ಐದು ರೊಟ್ಟಿಗಳು ಮುರಿದಿರುವುದು ಕಣ್ಣಾರೆ ಕಂಡುಬಂದಿದೆ. ಏಕಾಗ್ರತೆಯು ಮೂರನೇ ದರ್ಜೆಯದಾಗಿದ್ದು ವಿನಾಯಿತಿಗೆ ಅರ್ಹಳಲ್ಲ."

"ನೀವ ತಿಂದೀರಲ್ರಿ!" ಎಂದಳು ಶೇವಂತಾ.

"ತಿಂದದ್ದು ಆಮೇಲವಾ," ಎಂದರು ನೇಮಿನಾಥ ಸಮಾಧಾನದಿಂದ. "ಮೊದಲ ಮುರಿದಿತ್ತು."

ಮೂರನೇ ದಿನ ಶೇವಂತಾಳ ಸೈಕಲ್ಲಿಗೆ ಮೂರಡಿ ಎತ್ತರದ ಫಲಕ ಬಂತು. ಬುಟ್ಟಿ ಹ್ಯಾಂಡಲ್ಲಿಗೆ ಹೋಯಿತು. ಬುಟ್ಟಿಯ ಮೇಲಿನಿಂದ ಆಕೆಗೆ ಆಕಾಶವೂ ದೂರದ ತೆಂಗಿನ ಮರಗಳೂ ಕಾಣುತ್ತಿದ್ದವು. ಫಲಕದ ಮೇಲೆ ಬರೆಯಲಾಗಿತ್ತು: ಎಲ್ಲಿಗೆ: ಅಂಕಲಿಗೆ. ಏಕೆ: ರೊಟ್ಟಿ ಒಯ್ಯಲು. ಊಟ: ಆಗಿದೆ. ಮನೆ: ಆರಾಮ. ಕಬ್ಬು: ನಮಗೆ ಹೊಲವಿಲ್ಲ. ಮಗಳ ಲಗ್ನ: ಸದ್ಯಕ್ಕೆ ವಿಚಾರವಿಲ್ಲ.

ಯಾರೂ ಪ್ರಶ್ನೆ ಕೇಳಲಿಲ್ಲ. ಸುತ್ತೋಲೆ ಆ ಮಟ್ಟಿಗೆ ಗೆದ್ದಿತು. ಆದರೆ ಫಲಕವನ್ನು ಓದಲು ಹತ್ತಿರ ಬರಬೇಕಾಗುತ್ತದೆ. ಎದುರಿಗೆ ಬರುತ್ತಿದ್ದವರು ಸೈಕಲ್ ತಿರುಗಿಸಿ ಹಿಂದೆ ಬಂದರು. ಮೊದಲು ಬಂದವನು ಮಲಕಾರಿ. ಕ್ಯಾನುಗಳನ್ನು ಗಡಗಡ ಎನ್ನಿಸುತ್ತ ಆಕೆಯ ಬೆನ್ನಿಗೆ ಅಂಟಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಲಗ್ನದ್ದು... ವಿಚಾರ... ಇಲ್ಲ? ಯಾಕ ಬೇ ಶೇವಂತಾ? ಹುಡುಗಿಗಿ ಇಪ್ಪತ್ಮೂರ ಆತು!"

"ಮಾವಾ, ಮುಂದ ನೋಡ್ರಿ."

"ಮುಂದ ನಿನ್ನ ಬೋರ್ಡ ಐತಲ್ಲ! ಅದನ್ನ ನೋಡಾಕತ್ತೇನಿ. ರಾಯಬಾಗದಾಗ ಒಂದು ಛಲೋ ಮನಿತನ ಐತಿ, ಹುಡುಗ..."

ಆಗ ಫಲಕಕ್ಕೆ ಗಾಳಿ ಹಿಡಿದು ಶೇವಂತಾಳ ಸೈಕಲ್ ಬಲಕ್ಕೆ ಸರಿಯಿತು. ಮಲಕಾರಿ ಫಲಕದ ಹಿಂದೆಯೇ ಸ್ವಲ್ಪ ದೂರ ಹೋಗಿ, ನಂತರ ತನ್ನ ಹಳೆಯ ಕಾಲುವೆಗೆ ಹೋದ. ಅದೇ ದಿನ ಐದೂ ತಾಲ್ಲೂಕುಗಳಲ್ಲಿ ಮೂವತ್ತೆಂಟು ಜನ ಉತ್ತರಗಳನ್ನು ಓದುತ್ತ ಬಿದ್ದರು. ಅಥಣಿಯಲ್ಲಿ ಒಬ್ಬಾತ ತನ್ನದೇ ಫಲಕದಲ್ಲಿ ಏನು ಬರೆದಿದೆ ಎಂದು ತಿರುಗಿ ನೋಡಲು ಹೋಗಿ ಬಿದ್ದ.

ಶೇವಂತಾ ಅಂಕಲಿ ಮುಟ್ಟಿದಾಗ ಖಾನಾವಳಿಯಲ್ಲಿ ಹದಿನಾರು ಜನ ಖಾಲಿ ತಾಟಿನ ಮುಂದೆ ಕುಳಿತು ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತಿದ್ದರು. ಸೂರ್ಯ ಅರ್ಧ ಉಳಿದಿದ್ದ. ಬುಟ್ಟಿ ಇಳಿಸುವಷ್ಟರಲ್ಲಿ ಅವರು ಬರೀ ಪಲ್ಯ ತಿಂದು ಎದ್ದರು. ಬುಟ್ಟಿಯಲ್ಲಿ ನಲವತ್ತು ರೊಟ್ಟಿ ಮುರಿದಿದ್ದವು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಮಂಗಲ ಚೂರುಗಳನ್ನು ಕೈಯಲ್ಲಿ ಹಿಡಿದು, "ಶೇವಂತಾ, ನನಗೂ ಕೆಟ್ಟ ಅನಸ್ತೈತಿ," ಎಂದರು. "ಆದ್ರ ಸೂರ್ಯಾಗ ಯಾರರ ಸುತ್ತೋಲೆ ಕಳಸಾಕ ಆಗತೈತೇನು? ಇನ್ನೊಂದ ದಿನ ನೋಡ್ತೇನಿ. ತಡಾ ಆತಂದ್ರ ನಿಪ್ಪಾಣಿಯಿಂದ ಮಷೀನ್ ರೊಟ್ಟಿ ತರಸ್ತೇನಿ."

"ಮಷೀನ್ ರೊಟ್ಟಿ ತಿನ್ನಾಕ ಬರತೈತೇನ್ರಿ ಅಕ್ಕಾರ?"

"ಬರೂದಿಲ್ಲ. ಆದ್ರ ಹೊತ್ತಿಗಿ ಬರತೈತಿ."

ಮರುದಿನ ಕಚೇರಿ ತಿದ್ದುಪಡಿ ಹೊರಡಿಸಿತು. ಫಲಕಧಾರಿಯು ಪ್ರತಿ ಫರ್ಲಾಂಗಿಗೊಮ್ಮೆ ಸೈಕಲ್ಲಿನಿಂದ ಇಳಿದು, ಸಾರ್ವಜನಿಕರು ಓದಿ ಮುಗಿಸುವವರೆಗೆ ನಿಲ್ಲತಕ್ಕದ್ದು. ಓದಲು ಬಾರದವರಿಗೆ ಓದಿ ಹೇಳತಕ್ಕದ್ದು. ಆದರೆ ಒಂದೇ ನೋಟಕ್ಕೆ ಓದಿ ಮುಗಿಯುವಂತಹ ಫಲಕಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಂಥ ಫಲಕ ಈ ಭಾಗದಲ್ಲಿ ಹುಟ್ಟುವುದೇ ಇಲ್ಲವೆಂಬ ಭರವಸೆಯಿಂದಲೇ ಆ ಸಾಲನ್ನು ಬರೆಯಲಾಗಿತ್ತು.

ಶೇವಂತಾ ಹಿಟ್ಟು ನಾದುತ್ತ ಮಗಳು ಮಾಯಾಳಿಂದ ಸುತ್ತೋಲೆಯನ್ನೂ ತಿದ್ದುಪಡಿಯನ್ನೂ ಎರಡೆರಡು ಸಲ ಓದಿಸಿಕೊಂಡಳು. ಮೂರನೇ ಸಲಕ್ಕೆ ನಾದುವುದನ್ನು ನಿಲ್ಲಿಸಿದಳು. "ಫಲಕದ ಅಳತಿ ಉತ್ತರದ ಉದ್ದಕ್ಕ ತಕ್ಕಂಗ ಅಂತ ಐತಲ್ಲ? ಇನ್ನೊಮ್ಮೆ ಓದು," ಎಂದಳು. ಮಾಯಾ ಓದಿದಳು. ಕೈ ತೊಳೆದುಕೊಂಡು ಶೇವಂತಾ ನೇರವಾಗಿ ಕಾಕಾಸಾಹೇಬರ ಅಂಗಡಿಗೆ ಹೋದಳು.

"ಹೊಸ ಫಲಕ ಬೇಕ್ರಿ. ಎಲ್ಲಿಗೆ ಅನ್ನೂದಕ್ಕ ಬರೀರಿ, ಹೂಂ."

"ಹೂಂ ಅಂದ್ರ?"

"ಏಕೆ ಅನ್ನೂದಕ್ಕೂ ಹೂಂ. ಊಟಾ, ಹೂಂ. ಮನಿ, ಹೂಂ. ಕಬ್ಬು, ಹೂಂ. ಲಗ್ನಾ, ಹೂಂ. ಯಾವ ಕಾಲಮ್ಮೂ ಖಾಲಿ ಇಲ್ಲ ನೋಡ್ರಿ."

ಕಾಕಾಸಾಹೇಬರು ಬೆವರಿದರು. "ಪ್ರಶ್ನೆ ಬರೀಬೇಕಲ್ಲ, ಅದಕ್ಕರ ಜಾಗಾ ಬೇಕು."

"ಉತ್ತರ ಬರೀರಿ ಅಂತ ಐತ್ರಿ ಸುತ್ತೋಲ್ಯಾಗ. ಪ್ರಶ್ನೆ ಎಲ್ಲಾರಿಗೂ ಬಾಯಿಪಾಠ. ಮತ್ತ ಆರೂ ಉತ್ತರ ಒಂದ ಇದ್ದ ಮ್ಯಾಲ ಒಮ್ಮೆ ಬರದ್ರ ಸಾಕು."

ಹಾಗೆ ಕಾಕಾಸಾಹೇಬರು ತಮ್ಮ ಜೀವಮಾನದ ಅತಿ ಚಿಕ್ಕ ಫಲಕವನ್ನು ಮಾಡಿಕೊಟ್ಟರು. ಅಂಗೈಯಷ್ಟಿತ್ತು. ಶೇವಂತಾ ಅದನ್ನು ಹಿಂದಿನ ಮಡ್‌ಗಾರ್ಡಿಗೆ ತಂತಿಯಿಂದ ಬಿಗಿದು, ಬುಟ್ಟಿಯನ್ನು ಮತ್ತೆ ಕ್ಯಾರಿಯರ್ ಮೇಲೆ ಕಟ್ಟಿದಳು. ರಸ್ತೆ ಕಾಣಿಸಿತು. ಇದ್ದಲ್ಲೇ ಇತ್ತು.

ಹಿಂದಿನಿಂದ ಬಂದವರು "ಹೂಂ" ಎಂದು ಓದಿದರು, ತೃಪ್ತಿಪಟ್ಟರು, ಸರಿದು ಹೋದರು. ಐದಕ್ಕೆ ಹತ್ತು ನಿಮಿಷ ಇರುವಾಗ ಇನ್ನೂರು ಇಡೀ ರೊಟ್ಟಿ ಅಂಕಲಿ ಮುಟ್ಟಿದವು. ಮಂಗಲ ಎಣಿಸಲಿಲ್ಲ, ಸುಮ್ಮನೆ ಒಂದು ಕಪ್ ಚಹಾ ಕೊಟ್ಟರು.

ಎಂಟು ದಿನಗಳಲ್ಲಿ ಮಲಕಾರಿಯಿಂದ ಹಿಡಿದು ಕಾಗವಾಡದ ಕಟ್ಟಕಡೆಯ ಸವಾರನವರೆಗೆ ಎಲ್ಲರೂ ಹೂಂ ಫಲಕ ಹಾಕಿಸಿದರು. ಕಾಕಾಸಾಹೇಬರಿಗೆ ಆದ ನೋವನ್ನು ಕಚೇರಿ ಮನಗಂಡು, ಪ್ರತಿ ಸೈಕಲ್ಲಿಗೆ ಮುಂದೊಂದು, ಹಿಂದೊಂದು, ಎಡಬಲಕ್ಕೊಂದೊಂದು, ಕಳೆದುಹೋದರೆ ಇರಲಿ ಎಂದು ಮನೆಯಲ್ಲೊಂದು ಹೂಂ ಇರತಕ್ಕದ್ದೆಂದು ಆದೇಶಿಸಿತು. ಯಾರೂ ಆಕ್ಷೇಪಿಸಲಿಲ್ಲ. ಏಕಾಗ್ರತೆ ಶೇಕಡಾ ನೂರಾ ನಾಲ್ಕಕ್ಕೆ ಏರಿತು.

ಈ ಸಾಧನೆಯ ಸಲುವಾಗಿ ಏಕಸಂಬಿಯಿಂದ ಅಂಕಲಿಗೆ ಸೈಕಲ್ ಜಾಥಾ ಏರ್ಪಟ್ಟಿತು. ಮುಂದೆ ನೇಮಿನಾಥ, ಹೊಸ ಸೈಕಲ್, ನಾಲ್ಕು ಹೂಂ, ಕೊರಳಲ್ಲಿ ಹಾರ. ಹಿಂದೆ ಹದಿಮೂರೂ ಕುರ್ಚಿಗಳ ಸಿಬ್ಬಂದಿ. ಅವರ ಹಿಂದೆ, ಅದು ತನ್ನ ದಿನದ ಹಾದಿಯಾದ್ದರಿಂದ, ರೊಟ್ಟಿ ಬುಟ್ಟಿಯೊಂದಿಗೆ ಶೇವಂತಾ. ಕಾಲುವೆಯ ತಿರುವಿನಲ್ಲಿ ಎದುರಿಗೆ ಬೀರದೇವ ಬಂದ. ಸಾಹೇಬರ ಹಾರ ನೋಡಿ ಅವನಿಗೆ ಪ್ರೀತಿ ಉಕ್ಕಿತು.

"ಎಲ್ಲಿಗ್ರಿ ಸಾಹೇಬ್ರ?"

ನೇಮಿನಾಥರೂ ಇದೇ ನೆಲದವರು. "ಅಂಕಲಿಗೆ ಹೊಂಟೇವಪಾ," ಎಂದರು. ಬೀರದೇವ ದಾಟಿದ. ಅವರು ಕತ್ತು ತಿರುಗಿಸಿದರು. "ಜಾಥಾ ಇಟ್ಟಕೊಂಡೇವಿ, ಆಮ್ಯಾಲ ಅಲ್ಲೇ ಮಂಗಲಕ್ಕಾರ ಕಡೆ ಊಟಾ, ಮನ್ಯಾಗ ನಮ್ಮವರಿಗಿ ಸ್ವಲ್ಪ ಸೊಂಟ..."

ರಸ್ತೆ ಎಂದಿನಂತೆ ಎಡಕ್ಕೆ ತಿರುಗಿತು. ಸಿಬ್ಬಂದಿ ಮೇಲಧಿಕಾರಿಗಳನ್ನು ಹಿಂಬಾಲಿಸಿದರು.

ಆ ದಿನದ ವರದಿಯಲ್ಲಿ, ಏಕಾಗ್ರತಾ ಅಧಿಕಾರಿಗಳು ಸಿಬ್ಬಂದಿ ಸಮೇತ ಕಾಲುವೆಯೊಳಗಿನ ಸ್ಥಳ ಪರಿಶೀಲನೆ ನಡೆಸಿದರೆಂದೂ, ಕಾಲುವೆಗೂ ಒಂದು ಫಲಕದ ಅಗತ್ಯವಿದೆಯೆಂದು ಅಭಿಪ್ರಾಯಪಟ್ಟರೆಂದೂ ದಾಖಲಾಗಿದೆ. ಫಲಕ ಈಗ ಅಲ್ಲಿದೆ. ಸಿಬ್ಬಂದಿ ತಿಂಗಳಿಗೊಮ್ಮೆ ಹೋಗಿ ಪರಿಶೀಲಿಸಿ ಬರುತ್ತಾರೆ. ಟವೆಲ್ಲು ಕಚೇರಿಯ ಖರ್ಚಿನಲ್ಲಿ.

ಶೇವಂತಾ ಅಂದು ಬ್ರೇಕ್ ಹಿಡಿದು, ಸೈಕಲ್ಲನ್ನು ಮರಕ್ಕೆ ಒರಗಿಸಿ ದಂಡೆಗೆ ಬಂದಳು. ಮಲಕಾರಿ ಆಗಲೇ ಅಲ್ಲಿ ನಿಂತಿದ್ದ, ಆ ಜಾಗದ ಅನುಭವಸ್ಥನ ಗಾಂಭೀರ್ಯದಿಂದ.

"ಸಾಹೇಬ್ರ, ಆರಾಮ ಅದೀರಿಲ್ಲೋ?" ಎಂದು ಕೇಳಿದ.

ಸೊಂಟದವರೆಗಿನ ನೀರಿನಲ್ಲಿ ನಿಂತ ನೇಮಿನಾಥ ಹಾರವನ್ನು ಸರಿಮಾಡಿಕೊಂಡು, ನೇರ ಮುಂದಕ್ಕೆ ನೋಡುತ್ತ, "ಹೂಂ," ಎಂದರು.

ಮಲಕಾರಿ ಅವರನ್ನು ಎತ್ತಲು ಕೈ ನೀಡಿ ಬಗ್ಗಿದ. ಶೇವಂತಾ ಸೂರ್ಯನನ್ನೊಮ್ಮೆ ನೋಡಿ ಸೈಕಲ್ ಹತ್ತಿದಳು.